ಮಝಲ್ ಬ್ರೇಕ್ ಕೇಳಿ ಬಂದವರಿಗೆ ನನ್ನ ಮೊದಲ ಪ್ರಶ್ನೆ

ಟೆಕ್ಸಸ್‌ನ ಒಂದು ಬಂದೂಕು ರಿಪೇರಿ ಅಂಗಡಿಯಲ್ಲಿ ಲೇತ್ ಕೆಲಸ ನನ್ನದು. ಬ್ಯಾರೆಲ್ ತುದಿಗೆ ತಿರುಪಿನಂತೆ ಕೂರಿಸುವ, ಕಿಂಡಿಗಳಿರುವ ಲೋಹದ ತುಂಡೇ ಮಝಲ್ ಬ್ರೇಕ್; ಗುಂಡು ಹಾರಿದಾಗ ಬಂದೂಕು ಭುಜಕ್ಕೆ ಕೊಡುವ ಒದೆತವನ್ನು ಅದು ತಗ್ಗಿಸುತ್ತೆ. ನವೆಂಬರ್‌ನ ಜಿಂಕೆ ಬೇಟೆ ಹತ್ತಿರ ಬಂತೆಂದರೆ ಗಿರಾಕಿಗಳದ್ದು ಒಂದೇ ಮಾತು: "ಒದೆತ ಎಲ್ಲಕ್ಕಿಂತ ಕಡಿಮೆ ಮಾಡೋ ಬ್ರೇಕ್ ಹಾಕಿಕೊಡಿ." ನಾನು ಕೇಳೋದು ಬೇರೆ. ಎಲ್ಲಿ ಹೊಡೀತೀರಿ? ಆಗ ಪಕ್ಕದಲ್ಲಿ ಯಾರಿರ್ತಾರೆ?

ಗುಂಡಿನ ಬೆನ್ನಿಗೇ ನುಗ್ಗಿ ಬರುವ ಗ್ಯಾಸನ್ನು ಬ್ರೇಕ್ ಪಕ್ಕಕ್ಕೆ, ಕೆಲವು ಮಾದರಿಗಳಲ್ಲಿ ಸ್ವಲ್ಪ ಹಿಂದಕ್ಕೂ ತಿರುಗಿಸುತ್ತೆ. ಒದೆತ ತಗ್ಗುವುದು ಅದರಿಂದಲೇ, ಸದ್ದು ಹೊಡೆಯುವವನ ಕಿವಿಗೆ ಅಪ್ಪಳಿಸುವುದೂ ಅದರಿಂದಲೇ. ಬ್ರೇಕ್ ಇಲ್ಲದ ರೈಫಲ್ಲೇ 140 ಡೆಸಿಬೆಲ್ ದಾಟುತ್ತೆ, ಒಂದೇ ಏಟಿಗೆ ಕಿವಿ ಕೆಡಲು ಅಷ್ಟು ಸಾಕು. ಸೂರು ಇರುವ, ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಪಕ್ಕದ ಬೆಂಚಿನವರ ಪಾಡು ಹೇಳತೀರದು. ಬೇಟೆಗೆ ಕರೆದೊಯ್ಯುವ ಕೆಲವು ಗೈಡ್‌ಗಳು ಬ್ರೇಕ್ ಇದ್ದರೆ ಬರಲೇಬೇಡಿ ಅಂತಾರೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ.

.300 ವಿನ್‌ಚೆಸ್ಟರ್ ಮ್ಯಾಗ್ನಮ್‌ನಂಥ ದೊಡ್ಡ ತೋಟಾದಲ್ಲಿ ಮದ್ದು ಹೆಚ್ಚು, ಗ್ಯಾಸ್ ಹೆಚ್ಚು, ಹಾಗಾಗಿ ಬ್ರೇಕಿನ ಲಾಭ ಭುಜಕ್ಕೆ ನೇರವಾಗಿ ಗೊತ್ತಾಗುತ್ತೆ. ಒದೆತ ಕಡಿಮೆ ಇರುವ ಸಣ್ಣ ತೋಟಾ .223ರ ರೈಫಲ್ಲಿಗೆ ಅದನ್ನು ಹಾಕಿಸುವುದು, ಗುಂಡು ಬಿದ್ದ ಜಾಗವನ್ನು ಸ್ಕೋಪಿನಲ್ಲೇ ನೋಡಬೇಕೆನ್ನುವ ಸ್ಪರ್ಧೆಯವರಿಗೆ ಸರಿ. ಉಳಿದವರಿಗೆ ನಾನು ಬಂದೂಕು ಭುಜಕ್ಕೆ ತಾಗುವ ಕಡೆ ಹಾಕುವ ದಪ್ಪ ರಬ್ಬರ್ ಪ್ಯಾಡ್ ತೋರಿಸ್ತೀನಿ. ಓನರ್ ಮುಖ ಸಣ್ಣದಾಗುತ್ತೆ, ಆಗಲಿ.

ಮಲಗಿ ಹೊಡೆಯುವವರು ಸುತ್ತಲೂ ತೂತಿರುವ ಬ್ರೇಕ್ ತೆಗೆದುಕೊಳ್ಳಬಾರದು. ಕೆಳಗಿನ ತೂತಿನಿಂದ ಎದ್ದ ಮಣ್ಣು ಕಣ್ಣಿಗೂ ಬೀಳುತ್ತೆ, ಗುರಿಯನ್ನೂ ಮುಚ್ಚುತ್ತೆ. ಎಡಬಲಕ್ಕಷ್ಟೇ ಕಿಂಡಿ ಇರೋದು ವಾಸಿ. ಆ ಕಿಂಡಿಗಳು ಮಟ್ಟವಾಗಿ ನಿಲ್ಲುವಂತೆ ನಡುವೆ ತೆಳು ಶಿಮ್ (ಲೋಹದ ಬಳೆ) ಹಾಕಿ ಕೂರಿಸಬೇಕು.

ಇನ್ನು ಬ್ರೇಕ್ ಕೂರಿಸಲು ಬ್ಯಾರೆಲ್ ತುದಿಗೆ ಕೊರೆಯುವ ತಿರುಪಿನ ಸುತ್ತು, ಅಂದರೆ ಥ್ರೆಡ್. ಇಲ್ಲಿ .308ಕ್ಕೆ ಸಾಮಾನ್ಯವಾಗಿ 5/8-24, .223ಕ್ಕೆ 1/2-28. ಮೊದಲನೆಯದು ಇಂಚಿನಲ್ಲಿ ದಪ್ಪ, ಎರಡನೆಯದು ಇಂಚಿಗೆ ಎಷ್ಟು ಸುತ್ತು ಅನ್ನೋದು. .308ರಂತೆ ಗುಂಡು 7.82 ಮಿಲಿಮೀಟರ್ ದಪ್ಪ ಇದ್ದರೆ ಬ್ರೇಕಿನ ತೂತು ಸುಮಾರು ಅರ್ಧ ಮಿಲಿಮೀಟರ್ ದೊಡ್ಡದಿರಬೇಕು. ಥ್ರೆಡ್ ಸೊಟ್ಟಗಿದ್ದರೆ ಗುಂಡು ಒಳಗೋಡೆಗೆ ತಾಗುತ್ತೆ. ಅದಕ್ಕೇ ಬ್ಯಾರೆಲ್ ಒಳಗೆ ನೇರವಾದ ಉಕ್ಕಿನ ಸರಳು ತೂರಿಸಿ, ಬ್ರೇಕಿನ ಬಾಯಲ್ಲಿ ಸುತ್ತಲೂ ಸಮವಾದ ಸಂದು ಕಂಡ ಮೇಲೇ ರೈಫಲ್ ವಾಪಸ್ ಕೊಡೋದು.

ತುದಿಗೆ ತೂಕ ಬಿದ್ದರೆ ಗುಂಡು ಬೀಳುವ ಜಾಗವೂ ಸರಿಯುತ್ತೆ. ಬೇಟೆಗೆ ಹೋಗುವ ಮುಂಚೆ ಸ್ಕೋಪ್ ಮತ್ತೆ ಜೀರೋ ಮಾಡಿಕೊಳ್ಳಿ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿಕೊಳ್ಳಿ ಅಂತ ರಸೀದಿ ಮೇಲೇ ಬರೆದುಕೊಡ್ತೀನಿ.