ಖಾಲಿಯಾದ ಮೇಲೆ

ಇವತ್ತು ಸನ್‌ಸ್ಕ್ರೀನ್ ಟ್ಯೂಬನ್ನು ಕತ್ತರಿ ತಗೊಂಡು ಅಡ್ಡಕ್ಕೆ ಕತ್ತರಿಸಿದೆ. ಒಳಗೆ ಇನ್ನೂ ಮೂರು ದಿನಕ್ಕಾಗುವಷ್ಟು ಅಂಟಿಕೊಂಡಿತ್ತು! 50 ಗ್ರಾಂ ಟ್ಯೂಬು, ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಅಳತೆ) 50. ಮುಖಕ್ಕೆ, ಕುತ್ತಿಗೆಗೆ ದಿನಾ ಎರಡು ಬೆರಳುದ್ದ ಹಚ್ಚಿದ್ದಕ್ಕೆ ಎರಡು ತಿಂಗಳೂ ಬರಲಿಲ್ಲ. ಆದರೂ ಮತ್ತೆ ಅದನ್ನೇ ತರುತ್ತೇನೆ. ಕುವೆಂಪುನಗರದಿಂದ ದಿನಾ ಸ್ಕೂಟರ್‌ನಲ್ಲಿ ಓಡಾಡುವವಳಿಗೆ ಈ ಬಿಸಿಲಲ್ಲಿ ಅದು ಬೇಕೇ ಬೇಕು.

ಮುಖಕ್ಕೆ ಹಚ್ಚುವ ವಿಟಮಿನ್ ಸಿ ಸೀರಮ್ ಮಾತ್ರ ಬೇಡ. ಬಾಟಲಿ ಅರ್ಧ ಆಗುವಷ್ಟರಲ್ಲೇ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಗಾಳಿ, ಬೆಳಕು ತಾಗಿದರೆ ಅದು ಕೆಡುತ್ತದೆ. ಕಿಟಕಿ ಹತ್ತಿರ ಇಡಬಾರದಿತ್ತು.

ಮೊದಲ ವಾರದಲ್ಲೇ ಎಷ್ಟೊಂದು ಹೊಗಳಿದ್ದೆ ಅದನ್ನ! ಪೂರ್ತಿ ಬಳಸಿದ ಮೇಲೆ ತಾನೇ ಗೊತ್ತಾಗೋದು, ಅಲ್ವಾ?

ಅಮ್ಮ ಮೈಸೂರ್ ಸ್ಯಾಂಡಲ್ ಸೋಪು ಬಿಟ್ಟು ಬೇರೆ ಮುಟ್ಟಿದವಳಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು ಅದು. ಸವೆದು ಸವೆದು ಎಲೆಯಷ್ಟು ತೆಳ್ಳಗಾದ ಚೂರನ್ನೂ ಎಸೆಯುವುದಿಲ್ಲ. ಹೊಸ ಸೋಪನ್ನು ಒದ್ದೆ ಮಾಡಿ, ಅದರ ಬೆನ್ನಿಗೆ ಒತ್ತಿ ಅಂಟಿಸುತ್ತಾಳೆ. ಇವತ್ತು ಬೆಳಗ್ಗೆಯೂ ಹಾಗೇ ಅಂಟಿಸಿಟ್ಟಿದ್ದಳು. ಬಚ್ಚಲುಮನೆಯಿಂದ ನಡುಮನೆ ತನಕ ಗಂಧದ ಘಮ.