ಜೋ ಲೂಯಿಸ್ ಗಳಿಸಿದ ಹಣವೆಲ್ಲ ಎಲ್ಲಿಗೆ ಹೋಯಿತು?

ತೆರಿಗೆ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಹಳೆಯ ಬಾಕ್ಸಿಂಗ್ ಪಂದ್ಯಗಳನ್ನು ನೋಡುವುದು ಮತ್ತು ಅವುಗಳ ಬಗ್ಗೆ ಓದುವುದು ಬಹುಕಾಲದ ಹವ್ಯಾಸ. ಇವೆರಡನ್ನೂ ಬಲ್ಲ ಸ್ನೇಹಿತರು ಮತ್ತು ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಹೆವಿವೇಟ್ ವಿಶ್ವ ಚಾಂಪಿಯನ್ ಆಗಿದ್ದು, 25 ಸಲ ಪಟ್ಟವನ್ನು ಉಳಿಸಿಕೊಂಡ ಅಮೆರಿಕದ ಜೋ ಲೂಯಿಸ್, ಕೊನೆಗಾಲದಲ್ಲಿ ಲಾಸ್ ವೇಗಾಸ್‌ನ ಕ್ಯಾಸಿನೊ ಒಂದರಲ್ಲಿ ಬಂದವರ ಕೈ ಕುಲುಕಿ ಸ್ವಾಗತಿಸುವ ಕೆಲಸಕ್ಕೆ ಏಕೆ ಸೇರಬೇಕಾಯಿತು? ಅಷ್ಟು ಹಣ ಏನಾಯಿತು? ಕೇಳುವವರಲ್ಲಿ ಅನೇಕರು ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ: ದುಂದು ಮಾಡಿ ಕಳೆದುಕೊಂಡ.

ದುಂದು ಮಾಡಿದ್ದು ಸುಳ್ಳಲ್ಲ. ಆದರೆ ಆತನ ವೃತ್ತಿಜೀವನದ ಜಮಾಖರ್ಚನ್ನು ಒಮ್ಮೆ ಕೂತು ನೋಡಿದವರು ಅದನ್ನೇ ಮುಖ್ಯ ಕಾರಣವೆಂದು ಹೇಳಲಾರರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಣದ ಬಹುಭಾಗ ಆತನ ಕೈಗೆ ಬರುವ ಮೊದಲೇ ಹಂಚಿಹೋಗುತ್ತಿತ್ತು. ಬಂದ ಭಾಗದ ಮೇಲೆ, ಬಾಕ್ಸರನ ದೇಹ ಕೆಲವೇ ವರ್ಷ ದುಡಿಯಬಲ್ಲದು ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ತೆರಿಗೆ ಕಾನೂನಿನ ಹಕ್ಕಿತ್ತು.

ಲೂಯಿಸ್ ಹುಟ್ಟಿದ್ದು 1914ರ ಮೇ 13ರಂದು, ಅಲಬಾಮ ರಾಜ್ಯದ ಲಫಾಯೆಟ್ ಊರಿನ ಬಳಿ, ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕಪ್ಪು ಜನಾಂಗದ ಕುಟುಂಬದಲ್ಲಿ. ಪೂರ್ಣ ಹೆಸರು ಜೋಸೆಫ್ ಲೂಯಿಸ್ ಬ್ಯಾರೋ. ಆತನಿಗೆ ಹನ್ನೆರಡು ವರ್ಷವಾಗಿದ್ದಾಗ ಕುಟುಂಬ ಕೆಲಸ ಹುಡುಕಿಕೊಂಡು ಡೆಟ್ರಾಯಿಟ್‌ಗೆ ವಲಸೆ ಹೋಯಿತು. ಅಲ್ಲಿ ಆತ ಫೋರ್ಡ್ ಕಾರ್ಖಾನೆಯಲ್ಲಿಯೂ ದುಡಿದ. ಪಿಟೀಲು ಕಲಿಯಲೆಂದು ತಾಯಿ ಕೊಟ್ಟ ಹಣವನ್ನು ಬ್ರೂಸ್ಟರ್ ವ್ಯಾಯಾಮಶಾಲೆಯ ಶುಲ್ಕಕ್ಕೆ ಕಟ್ಟಿದನೆಂಬ ಕಥೆ ಪ್ರಸಿದ್ಧವಾಗಿದೆ. 1932ರಲ್ಲಿ, ಹವ್ಯಾಸಿಯಾಗಿ ಆಡಿದ ಮೊದಲ ಪಂದ್ಯದಲ್ಲಿ ಒಲಿಂಪಿಕ್ಸ್‌ಗೆ ಹೋಗಿದ್ದ ಜಾನಿ ಮೈಲರ್ ಎಂಬಾತನಿಂದ ಏಳು ಸಲ ನೆಲಕ್ಕುರುಳಿ ಸೋತ ಹುಡುಗ, ಎರಡು ವರ್ಷದೊಳಗೆ ಲೈಟ್ ಹೆವಿವೇಟ್ ವಿಭಾಗದ ರಾಷ್ಟ್ರೀಯ ಹವ್ಯಾಸಿ ಚಾಂಪಿಯನ್ ಆಗಿದ್ದ. 1934ರ ಜುಲೈ 4ರಂದು ಶಿಕಾಗೋದಲ್ಲಿ ಆಡಿದ ಮೊದಲ ವೃತ್ತಿಪರ ಪಂದ್ಯವನ್ನು ಮೊದಲ ರೌಂಡಿನಲ್ಲೇ ಗೆದ್ದ. ಅದಕ್ಕೆ ಸಿಕ್ಕ ಸಂಭಾವನೆ 59 ಡಾಲರ್.

ಆತನ ಬೆನ್ನಿಗೆ ನಿಂತ ಮೂವರೂ ಕಪ್ಪು ಜನಾಂಗದವರೇ. ಡೆಟ್ರಾಯಿಟ್‌ನಲ್ಲಿ ಅಕ್ರಮ ಮಟ್ಕಾದಂತಹ ವ್ಯವಹಾರ ನಡೆಸುತ್ತಿದ್ದ ಜಾನ್ ರಾಕ್ಸ್‌ಬರೋ ಮತ್ತು ಶಿಕಾಗೋದ ಜೂಲಿಯನ್ ಬ್ಲ್ಯಾಕ್ ಮ್ಯಾನೇಜರ್‌ಗಳು. ತಾನೂ ಹಿಂದೆ ಬಾಕ್ಸರ್ ಆಗಿದ್ದ ಜಾಕ್ ಬ್ಲ್ಯಾಕ್‌ಬರ್ನ್ ತರಬೇತುದಾರ. ಮ್ಯಾನೇಜರ್‌ಗಳು ಆತನಿಗೆ ಕೆಲವು ಕಟ್ಟುಪಾಡುಗಳನ್ನು ವಿಧಿಸಿದ್ದರು: ಬಿಳಿಯ ಹೆಂಗಸರೊಂದಿಗೆ ಫೋಟೋ ತೆಗೆಸಿಕೊಳ್ಳಬಾರದು, ಸೋತು ಬಿದ್ದವನ ಮುಂದೆ ಬೀಗಬಾರದು, ಶುದ್ಧವಾಗಿ ಬದುಕಬೇಕು, ನಿಯಮ ಮೀರದೆ ಆಡಬೇಕು. 1908ರಲ್ಲಿ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ ಜಾಕ್ ಜಾನ್ಸನ್ ತನ್ನಿಚ್ಛೆಯಂತೆ ಬದುಕಿದ್ದಕ್ಕೆ ಬಿಳಿಯ ಸಮಾಜ ಎಷ್ಟು ಕೆರಳಿತ್ತೆಂದರೆ, 1915ರಲ್ಲಿ ಆತ ಸೋತ ಮೇಲೆ ಎರಡು ದಶಕ ಯಾವ ಕಪ್ಪು ಬಾಕ್ಸರನಿಗೂ ಆ ಪಟ್ಟಕ್ಕಾಗಿ ಸೆಣಸುವ ಅವಕಾಶವೇ ಸಿಕ್ಕಿರಲಿಲ್ಲ. ಮುಚ್ಚಿದ್ದ ಆ ಬಾಗಿಲನ್ನು ತೆರೆಸಲು ಲೂಯಿಸ್ ಪಡೆಗೆ ಪಂದ್ಯಗಳನ್ನು ಏರ್ಪಡಿಸುವ ಬಿಳಿಯ ಪ್ರೊಮೋಟರ್ ಒಬ್ಬ ಬೇಕಾಗಿದ್ದ. ಆ ಜಾಗಕ್ಕೆ ಬಂದವನು ನ್ಯೂಯಾರ್ಕಿನ ಮೈಕ್ ಜೇಕಬ್ಸ್.

ಹಣದ ಕಥೆ ಇಲ್ಲಿಂದಲೇ ಆರಂಭವಾಗುತ್ತದೆ. ಟಿಕೆಟ್ ಮಾರಿ ಬಂದ ವಸೂಲಿಯಲ್ಲಿ ಜೇಕಬ್ಸ್ ತನ್ನ ಪಾಲನ್ನು ತೆಗೆದುಕೊಂಡು ಉಳಿದದ್ದನ್ನು ಲೂಯಿಸ್‌ನ ಸಂಭಾವನೆಯೆಂದು ಕೊಡುತ್ತಿದ್ದ. ಅದರಲ್ಲಿ ಅರ್ಧದಷ್ಟು ಇಬ್ಬರು ಮ್ಯಾನೇಜರ್‌ಗಳಿಗೆ ಹೋಗುತ್ತಿತ್ತು. ತರಬೇತಿ ಶಿಬಿರ, ಅಭ್ಯಾಸಕ್ಕೆ ಎದುರು ನಿಲ್ಲುವ ಬಾಕ್ಸರುಗಳು, ಊಟ, ವಸತಿ, ಪ್ರಯಾಣ ಎಲ್ಲಕ್ಕೂ ಖರ್ಚಿತ್ತು. 1935ರಲ್ಲಿ ಯಾಂಕೀ ಸ್ಟೇಡಿಯಂನಲ್ಲಿ ಮಾಜಿ ಚಾಂಪಿಯನ್ ಮ್ಯಾಕ್ಸ್ ಬೇರ್‌ನನ್ನು ಸೋಲಿಸಿದಾಗ ಸಂಭಾವನೆ ಎರಡು ಲಕ್ಷ ಡಾಲರ್ ದಾಟಿತ್ತು. 1938ರ ಜೂನ್ 22ರಂದು ಅದೇ ಕ್ರೀಡಾಂಗಣದಲ್ಲಿ ಸುಮಾರು 70,000 ಜನರೆದುರು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್‌ನನ್ನು 2 ನಿಮಿಷ 4 ಸೆಕೆಂಡಿನಲ್ಲಿ ಮಣಿಸಿದಾಗ ಮೂರು ಲಕ್ಷ ದಾಟಿತ್ತು. ಇಂತಹ ಅಂಕಿಗಳನ್ನು ಪತ್ರಿಕೆಗಳಲ್ಲಿ ಓದಿದ ಜನ ಅದೆಲ್ಲವೂ ಬಾಕ್ಸರನ ಜೇಬಿಗೆ ಹೋಯಿತೆಂದೇ ತಿಳಿದರು. ಇಡೀ ವೃತ್ತಿಜೀವನದಲ್ಲಿ ಆತನ ಹೆಸರಿನಲ್ಲಿ ಬಂದ ಸಂಭಾವನೆ ಸುಮಾರು 46 ಲಕ್ಷ ಡಾಲರ್. ಅದರಲ್ಲಿ ಆತನ ಕೈಗೆ ನಿಜವಾಗಿ ಸೇರಿದ್ದು ಸುಮಾರು 8 ಲಕ್ಷ ಎಂಬುದು ಆತನ ಬದುಕನ್ನು ಕುರಿತು ಬರೆದವರು ಸಾಮಾನ್ಯವಾಗಿ ಕೊಡುವ ಲೆಕ್ಕ.

ಪಟ್ಟಕ್ಕಾಗಿ ಸೆಣಸುವ ಅವಕಾಶವೂ ಪುಕ್ಕಟೆಯಾಗಿ ಬರಲಿಲ್ಲ. 1936ರ ಜೂನ್‌ನಲ್ಲಿ ಲೂಯಿಸ್ ಇದೇ ಷ್ಮೆಲಿಂಗ್‌ಗೆ ಹನ್ನೆರಡನೆಯ ರೌಂಡಿನಲ್ಲಿ ಸೋತಿದ್ದ. ಎಡಗೈಯಿಂದ ಜ್ಯಾಬ್ ಎಂಬ ನೇರ ಚುರುಕು ಗುದ್ದು ಹೊಡೆದ ಮೇಲೆ ಲೂಯಿಸ್ ಆ ಕೈಯನ್ನು ಕೆಳಕ್ಕಿಳಿಸುತ್ತಾನೆ ಎಂಬುದನ್ನು ಗಮನಿಸಿದ್ದ ಷ್ಮೆಲಿಂಗ್, ಆ ಸಂದಿಗೇ ತನ್ನ ಬಲಗೈಯನ್ನು ಗುರಿಯಿಟ್ಟಿದ್ದ. ನ್ಯಾಯವಾಗಿ ಮುಂದಿನ ಅವಕಾಶ ಗೆದ್ದವನಿಗೆ ಸಿಗಬೇಕಿತ್ತು. ಆದರೆ ಚಾಂಪಿಯನ್ ಆಗಿದ್ದ ಜೇಮ್ಸ್ ಬ್ರ್ಯಾಡಕ್ ಲೂಯಿಸ್‌ನನ್ನು ಆರಿಸಿಕೊಂಡ, ಏಕೆಂದರೆ ಮೈಕ್ ಜೇಕಬ್ಸ್ ತನ್ನ ಹೆವಿವೇಟ್ ಪಂದ್ಯಗಳ ಲಾಭದಲ್ಲಿ ಶೇ 10ರಷ್ಟನ್ನು ಹತ್ತು ವರ್ಷ ಕಾಲ ಅವನಿಗೆ ಕೊಡಲು ಒಪ್ಪಿದ್ದ. 1937ರ ಜೂನ್ 22ರಂದು ಶಿಕಾಗೋದಲ್ಲಿ ಮೊದಲ ರೌಂಡಿನಲ್ಲಿ ತಾನೇ ನೆಲಕ್ಕೆ ಬಿದ್ದೆದ್ದ ಲೂಯಿಸ್ ಎಂಟನೆಯ ರೌಂಡಿನಲ್ಲಿ ಬ್ರ್ಯಾಡಕ್‌ನನ್ನು ಉರುಳಿಸಿ ಚಾಂಪಿಯನ್ ಆದ. ಸೋತು ಹೋದವನಿಗೆ ಗೆದ್ದವನ ಮುಂದಿನ ದುಡಿಮೆಯಿಂದ ಪಾಲು ಸಿಗುವ ಈ ಏರ್ಪಾಡನ್ನು ನೆನೆದಾಗಲೆಲ್ಲ, ಆ ವ್ಯವಹಾರದಲ್ಲಿ ರಿಂಗಿನೊಳಗೆ ಹೊಡೆತ ತಿನ್ನುವವನಿಗಿಂತ ಹೊರಗೆ ಸಹಿ ಮಾಡಿಸುವವರು ಎಷ್ಟು ಭದ್ರವಾಗಿದ್ದರು ಎಂಬುದು ನನಗೆ ಸ್ಪಷ್ಟವಾಗುತ್ತದೆ.

ಇನ್ನು ಆತನ ಖರ್ಚು. ಲೂಯಿಸ್ ಕೊಡುಗೈಯ ಮನುಷ್ಯ. ತಾಯಿಗೆ ಮನೆ ಕೊಂಡುಕೊಟ್ಟ, ಬಂಧುಬಳಗವನ್ನು ಸಾಕಿದ, ಕೇಳಿದ ಸ್ನೇಹಿತರಿಗೆ ಇಲ್ಲವೆನ್ನಲಿಲ್ಲ. ಗಾಲ್ಫ್ ಮೈದಾನದಲ್ಲಿ ಪಣ ಕಟ್ಟಿ ಸೋತ. ಆತನ ಹೆಸರಿನಲ್ಲಿ ಆರಂಭವಾದ ಸಾಫ್ಟ್‌ಬಾಲ್ ತಂಡ, ಹೋಟೆಲು, ತಂಪು ಪಾನೀಯ ಯಾವುದೂ ನಿಲ್ಲಲಿಲ್ಲ. ಇವೆಲ್ಲ ನಿಜ. ಕಷ್ಟಕಾಲದಲ್ಲಿ ತನ್ನ ಕುಟುಂಬಕ್ಕೆ ಸಿಕ್ಕಿದ್ದ ಸರ್ಕಾರಿ ಪರಿಹಾರದ ಹಣವನ್ನು ಚಾಂಪಿಯನ್ ಆಗುವ ಮೊದಲೇ ಹಿಂದಿರುಗಿಸಿದವನೂ ಇದೇ ಮನುಷ್ಯ ಎಂಬುದನ್ನು ದುಂದುಗಾರನೆಂದು ಕರೆಯುವವರು ಹೇಳುವುದಿಲ್ಲ.

1942ರ ಜನವರಿ 9ರಂದು ಲೂಯಿಸ್ ನ್ಯೂಯಾರ್ಕಿನಲ್ಲಿ ಬಡ್ಡಿ ಬೇರ್ ಎಂಬವನನ್ನು ಮೊದಲ ರೌಂಡಿನಲ್ಲಿ ಸೋಲಿಸಿ, ತನ್ನ ಸಂಭಾವನೆಯನ್ನು ನೌಕಾಪಡೆಯ ಕುಟುಂಬಗಳ ಪರಿಹಾರ ನಿಧಿಗೆ ಕೊಟ್ಟ. ಮರುದಿನವೇ ಭೂಸೇನೆಗೆ ಸಾಮಾನ್ಯ ಸಿಪಾಯಿಯಾಗಿ ಹೆಸರು ಕೊಟ್ಟ. ಆಗ ಸಿಪಾಯಿಯ ಸಂಬಳ ತಿಂಗಳಿಗೆ 21 ಡಾಲರ್. ಮಾರ್ಚ್‌ನಲ್ಲಿ ಏಬ್ ಸೈಮನ್ ವಿರುದ್ಧ ಆಡಿ ಗಳಿಸಿದ್ದನ್ನು ಭೂಸೇನೆಯ ನಿಧಿಗೆ ಕೊಟ್ಟ. ಆತ ಸೇವೆ ಸಲ್ಲಿಸಿದ ಆ ಸೇನೆಯಲ್ಲಿ ಕಪ್ಪು ಸೈನಿಕರ ತುಕಡಿಗಳು ಪ್ರತ್ಯೇಕವಾಗಿದ್ದವು, ಮತ್ತು ನೌಕಾಪಡೆ ಆವರೆಗೆ ಕಪ್ಪು ಯುವಕರನ್ನು ಅಡುಗೆ, ಬಡಿಸುವ ಕೆಲಸಗಳಿಗಷ್ಟೇ ಸೇರಿಸಿಕೊಳ್ಳುತ್ತಿತ್ತು. ಯುದ್ಧದ ವರ್ಷಗಳಲ್ಲಿ ಸುಮಾರು 20 ಲಕ್ಷ ಸೈನಿಕರೆದುರು ತೊಂಬತ್ತಕ್ಕೂ ಹೆಚ್ಚು ಪ್ರದರ್ಶನ ಪಂದ್ಯಗಳನ್ನಾಡಿದ. ಬಾಕ್ಸರನೊಬ್ಬ ಅತಿ ಹೆಚ್ಚು ದುಡಿಯಬಹುದಾದ 27ರಿಂದ 31ರವರೆಗಿನ ವಯಸ್ಸು ಹೀಗೆ ಕಳೆಯಿತು.

ಆದಾಯ ನಿಂತರೂ ಖರ್ಚು ನಿಲ್ಲಲಿಲ್ಲ. ಜೇಕಬ್ಸ್ ಮತ್ತು ರಾಕ್ಸ್‌ಬರೋರಿಂದ ಆತ ಪಡೆದಿದ್ದ ಮುಂಗಡಗಳು ಸಾಲವಾಗಿ ಬೆಳೆದಿದ್ದವು. 1942ರಲ್ಲಿ ಸೇನಾ ನಿಧಿಗಾಗಿ ಹಳೆಯ ಎದುರಾಳಿ ಬಿಲ್ಲಿ ಕಾನ್ ಜೊತೆ ಮರುಪಂದ್ಯ ಏರ್ಪಾಡಾಗಿತ್ತು. ಅದರ ವಸೂಲಿಯಲ್ಲಿ ಸ್ವಲ್ಪ ಭಾಗ ಇಬ್ಬರೂ ಬಾಕ್ಸರುಗಳು ಜೇಕಬ್ಸ್‌ಗೆ ತೀರಿಸಬೇಕಾದ ಸಾಲಕ್ಕೆ ಹೋಗುತ್ತದೆಂದು ತಿಳಿದಾಗ ಯುದ್ಧ ಮಂತ್ರಿ ಹೆನ್ರಿ ಸ್ಟಿಮ್‌ಸನ್ ಪಂದ್ಯವನ್ನೇ ರದ್ದುಪಡಿಸಿದರು.

ದಾನ ಮಾಡಿದ ಸಂಭಾವನೆಯ ಮೇಲೂ ತೆರಿಗೆ ಹಾಕಿದರಲ್ಲ, ಅದರಿಂದಲೇ ಆತ ಮುಳುಗಿದ ಎಂದು ಇನ್ನು ಕೆಲವರು ಹೇಳುತ್ತಾರೆ. ಆ ಹಣ ಮೊದಲು ಆತನ ಆದಾಯವೇ ಎಂದು ತೆರಿಗೆ ಇಲಾಖೆ ಲೆಕ್ಕ ಹಿಡಿದದ್ದು ಅಮಾನವೀಯವೆಂದೇ ನಾನೂ ಹೇಳುತ್ತೇನೆ. ಆದರೆ ಕೇವಲ ಎರಡು ಪಂದ್ಯಗಳ ಲೆಕ್ಕದಿಂದ ಅಷ್ಟು ದೊಡ್ಡ ಬಾಕಿ ಬೆಳೆಯಲಾರದು. ಹೆಚ್ಚಿನ ಹೊರೆ ಬಂದದ್ದು 1946ರ ಜೂನ್‌ನಲ್ಲಿ ಬಿಲ್ಲಿ ಕಾನ್ ಜೊತೆ ಕೊನೆಗೂ ನಡೆದ ಮರುಪಂದ್ಯದಿಂದ. ಸಂಭಾವನೆ ಆರು ಲಕ್ಷ ಡಾಲರ್‌ಗೂ ಹೆಚ್ಚು. ಅಮೆರಿಕದಲ್ಲಿ ಆ ವರ್ಷ ಆದಾಯ ತೆರಿಗೆಯ ಅತಿ ಮೇಲಿನ ಹಂತದ ದರ ಶೇ 86ರ ಆಸುಪಾಸಿನಲ್ಲಿತ್ತು. ನಾಲ್ಕು ವರ್ಷ ಏನೂ ಗಳಿಸದೆ ಐದನೆಯ ವರ್ಷ ಆರು ಲಕ್ಷ ಗಳಿಸಿದವನನ್ನೂ, ಪ್ರತಿವರ್ಷ ಆರು ಲಕ್ಷ ಗಳಿಸುವ ಕಾರ್ಖಾನೆಯ ಒಡೆಯನನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡುತ್ತಿತ್ತು. ಏರುಪೇರಾಗುವ ಆದಾಯವನ್ನು ಕೆಲವು ವರ್ಷಗಳಿಗೆ ಸರಾಸರಿಯಾಗಿ ಹಂಚಿ ತೆರಿಗೆ ಕಟ್ಟುವ ಸಾಮಾನ್ಯ ಸೌಲಭ್ಯ ಅಲ್ಲಿಗೆ ಬಂದದ್ದು 1964ರ ಕಾಯ್ದೆಯಲ್ಲಿ. ಇಂದು ನಮ್ಮಲ್ಲಿ ಕ್ರೀಡಾಪಟುವಿಗೆ ಹಣ ಕೊಡುವವರು ಟಿಡಿಎಸ್ ಕಡಿತ ಮಾಡಿಯೇ ಕೊಡುತ್ತಾರೆ. ಲೂಯಿಸ್‌ಗೆ ಅಂತಹ ರಕ್ಷಣೆಯೂ ಇರಲಿಲ್ಲ. ಮ್ಯಾನೇಜರ್‌ಗಳ ಪಾಲು, ಹಳೆಯ ಸಾಲ, ವಿಚ್ಛೇದಿತ ಪತ್ನಿ ಮಾರ್ವಾಗೆ ಸೇರಬೇಕಾದದ್ದು ಎಲ್ಲ ಮೊದಲು ಹೋಗಿ, ತೆರಿಗೆ ಕಟ್ಟುವ ದಿನ ಬಂದಾಗ ಕೈಯಲ್ಲಿ ಹಣ ಉಳಿದಿರಲಿಲ್ಲ.

1949ರ ಮಾರ್ಚ್‌ನಲ್ಲಿ ಆತ ಚಾಂಪಿಯನ್ ಆಗಿಯೇ ನಿವೃತ್ತಿ ಘೋಷಿಸಿದ. ಮರುವರ್ಷ ಇಲಾಖೆಯ ಲೆಕ್ಕ ತಪಾಸಣೆ ಮುಗಿದಾಗ ಬಡ್ಡಿ, ದಂಡ ಸೇರಿ ಐದು ಲಕ್ಷ ಡಾಲರ್‌ಗೂ ಹೆಚ್ಚು ಬಾಕಿ ಎಂದು ತಿಳಿಯಿತು. ಇದನ್ನು ತೀರಿಸಲು ಆತನಿಗೆ ಗೊತ್ತಿದ್ದ ದಾರಿ ಒಂದೇ: ಮತ್ತೆ ರಿಂಗಿಗಿಳಿಯುವುದು. ಆ ದಾರಿ ಎಲ್ಲಿಗೂ ಒಯ್ಯಲಾರದು ಎಂಬುದನ್ನು ಸರಳ ಗಣಿತವೇ ತೋರಿಸುತ್ತದೆ. ತೆರಿಗೆ ಬಾಕಿಯ ಮೇಲೆ ವರ್ಷಕ್ಕೆ ಶೇ 6ರ ಬಡ್ಡಿ. ಐದು ಲಕ್ಷವನ್ನು ಅಸಲೆಂದು ಹಿಡಿದರೆ ಬಡ್ಡಿಯೇ 30,000 ಡಾಲರ್. ಪಂದ್ಯವಾಡಿ ಒಂದು ಲಕ್ಷ ಗಳಿಸಿದರೆ ಆ ವರ್ಷದ ತೆರಿಗೆಯೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಉಳಿದದ್ದು ಹಳೆಯ ಬಡ್ಡಿಗೆ ಸಾಲಬಹುದು. ಅಸಲು ಇದ್ದಲ್ಲೇ ಇರುತ್ತದೆ.

1950ರ ಸೆಪ್ಟೆಂಬರ್‌ನಲ್ಲಿ ಆಗ ಚಾಂಪಿಯನ್ ಆಗಿದ್ದ ಎಜರ್ಡ್ ಚಾರ್ಲ್ಸ್ ಹದಿನೈದು ರೌಂಡುಗಳ ಉದ್ದಕ್ಕೂ ಲೂಯಿಸ್‌ನನ್ನು ಹಿಂದಿಕ್ಕಿ ಗೆದ್ದ. 1951ರ ಅಕ್ಟೋಬರ್ 26ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 37 ವರ್ಷದ ಲೂಯಿಸ್‌ನನ್ನು 28 ವರ್ಷದ ರಾಕಿ ಮಾರ್ಸಿಯಾನೊ ಎಂಟನೆಯ ರೌಂಡಿನಲ್ಲಿ ಹಗ್ಗಗಳಾಚೆಗೆ ಬೀಳುವಂತೆ ಹೊಡೆದ. ಬಾಲ್ಯದಿಂದ ಲೂಯಿಸ್‌ನನ್ನು ಆರಾಧಿಸಿದ್ದ ಮಾರ್ಸಿಯಾನೊ ಪಂದ್ಯದ ನಂತರ ಆತನ ಕೋಣೆಗೆ ಹೋಗಿ ಅತ್ತನೆಂದು ಹೇಳುತ್ತಾರೆ. ವೃತ್ತಿಪರನಾಗಿ 69 ಪಂದ್ಯ, 66 ಜಯ, ಅದರಲ್ಲಿ 52 ನಾಕೌಟ್, ಮೂರು ಸೋಲು. ಆ ಮೂರರಲ್ಲಿ ಎರಡು ಸೋಲುಗಳು ತೆರಿಗೆ ಬಾಕಿಗಾಗಿ ಆಡಿದ ಕಾಲದವು ಎಂಬುದನ್ನು ಆತನ ದಾಖಲೆಯನ್ನು ಇತರರದರೊಂದಿಗೆ ಹೋಲಿಸುವವರು ನೆನಪಿಡಬೇಕೆಂದು ನಾನು ಯಾವಾಗಲೂ ಒತ್ತಿ ಹೇಳುತ್ತೇನೆ.

1953ರಲ್ಲಿ ತಾಯಿ ತೀರಿಕೊಂಡಾಗ ಮಗನಿಗೆಂದು ಬಿಟ್ಟುಹೋಗಿದ್ದ 667 ಡಾಲರನ್ನು ಇಲಾಖೆ ಜಪ್ತಿ ಮಾಡಿಕೊಂಡಿತು. 1956ರಲ್ಲಿ ಆತ ವೃತ್ತಿಪರ ಕುಸ್ತಿಗೆ ಇಳಿದ. ಎದುರಾಳಿ ಎದೆಯ ಮೇಲೆ ಬಿದ್ದು ಪೆಟ್ಟಾದಾಗ ಅದೂ ನಿಂತಿತು. ಈ ದಶಕದಲ್ಲಿ ಬಾಕಿ ಹತ್ತು ಲಕ್ಷ ದಾಟಿತು. 1959ರಲ್ಲಿ ಆತನನ್ನು ಮದುವೆಯಾದ ವಕೀಲೆ ಮಾರ್ಥಾ ಜೆಫರ್ಸನ್ ಲೆಕ್ಕಪತ್ರಗಳನ್ನು ಕೈಗೆತ್ತಿಕೊಂಡರು. 1960ರ ದಶಕದ ಆರಂಭದಲ್ಲಿ, ಹಳೆಯ ಬಾಕಿಯನ್ನು ಬೆನ್ನತ್ತದೆ ಆಯಾ ವರ್ಷದ ಆದಾಯದ ಮೇಲಷ್ಟೇ ತೆರಿಗೆ ವಸೂಲಿ ಮಾಡಲು ಇಲಾಖೆ ಒಪ್ಪಿತು. ಹತ್ತು ವರ್ಷ ಮೊದಲೇ ಈ ವಿವೇಕ ಬಂದಿದ್ದರೆ ಮಾರ್ಸಿಯಾನೊ ಪಂದ್ಯವೇ ನಡೆಯುತ್ತಿರಲಿಲ್ಲ. ಮುಂದೆ ಮಾದಕವಸ್ತುವಿನ ಚಟ, ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆಂಬ ಭ್ರಮೆ, 1970ರಲ್ಲಿ ಮನೋವೈದ್ಯಕೀಯ ಆಸ್ಪತ್ರೆವಾಸ ಇವೆಲ್ಲ ಬಂದವು. ಅದರ ನಂತರದ್ದು ಮೊದಲು ಹೇಳಿದ ಕ್ಯಾಸಿನೊ, ಸೀಸರ್ಸ್ ಪ್ಯಾಲೇಸ್‌ನ ನೌಕರಿ. ಅದನ್ನು ಅವಮಾನವೆಂದು ನಾನು ನೋಡುವುದಿಲ್ಲ. ಆತನ ಕೈಗೆ ನಿಯಮಿತವಾಗಿ ಸಂಬಳ ಬಂದ ಅಪರೂಪದ ಕಾಲ ಅದು. 1981ರ ಏಪ್ರಿಲ್ 12ರಂದು ಆತ ಲಾಸ್ ವೇಗಾಸ್ ಪ್ರದೇಶದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಅಧ್ಯಕ್ಷ ರೇಗನ್ ನಿಯಮ ಸಡಿಲಿಸಿದ್ದರಿಂದ ಆರ್ಲಿಂಗ್‌ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಸಮಾಧಿ ಮಾಡಲಾಯಿತು.

ಇಷ್ಟು ಹೇಳಿದ ಮೇಲೂ, ಜಾಣತನದಿಂದ ಉಳಿತಾಯ ಮಾಡಿದ್ದರೆ ಹೀಗಾಗುತ್ತಿತ್ತೇ ಎಂದು ಕೇಳುವವರಿಗೆ ನಾನು ಷ್ಮೆಲಿಂಗ್‌ನ ಬದುಕನ್ನು ತೋರಿಸುತ್ತೇನೆ. ಯುದ್ಧ ಮುಗಿದಾಗ ಅವನೂ ಬರಿಗೈಯಾಗಿದ್ದ; ಹಣಕ್ಕಾಗಿ ನಲವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ರಿಂಗಿಗಿಳಿದ. ಆಮೇಲೆ ಹ್ಯಾಂಬರ್ಗ್‌ನಲ್ಲಿ ಅವನಿಗೆ ಕೋಕಾಕೋಲಾ ವಿತರಣೆಯ ಹಕ್ಕು ದೊರೆಯಿತು. ಅದು ವರ್ಷ ವರ್ಷವೂ ಆದಾಯ ತರುವ, ವಯಸ್ಸಾದರೂ ನಡೆಸಬಹುದಾದ ವ್ಯಾಪಾರ. ಅವನು ಶ್ರೀಮಂತನಾಗಿ 99 ವರ್ಷ ಬದುಕಿ 2005ರಲ್ಲಿ ತೀರಿಕೊಂಡ. ಲೂಯಿಸ್‌ನ ಸ್ನೇಹಿತನಾಗಿ ಕಷ್ಟಕಾಲದಲ್ಲಿ ಹಣದ ನೆರವು ಕೊಟ್ಟವರಲ್ಲಿ, ಅಂತ್ಯಕ್ರಿಯೆಯ ಖರ್ಚಿಗೆ ಕೈಜೋಡಿಸಿದವರಲ್ಲಿ ಷ್ಮೆಲಿಂಗ್ ಕೂಡ ಒಬ್ಬ. ಅಂತಹ ಒಂದು ವ್ಯಾಪಾರದ ಹಕ್ಕನ್ನು ಆ ಕಾಲದ ಅಮೆರಿಕದಲ್ಲಿ ಕಪ್ಪು ಚಾಂಪಿಯನ್‌ಗೆ ಕೊಡಲು ಯಾವ ದೊಡ್ಡ ಸಂಸ್ಥೆಯೂ ಮುಂದೆ ಬರಲಿಲ್ಲ.