ಬೆಳ್ಳಿ ಪೈಪು

ಅಪ್ಪಂಗೆ ಪ್ರಾಸ್ಟೇಟ್ ಆಪರೇಷನ್ ಆಗಿ ಮೂರು ದಿನ, ಮಂಚದ ಪಕ್ಕ ಯೂರಿನ್ ಬ್ಯಾಗ್ ನೇತಾಡ್ತಿದೆ, ನಾನು ರಾತ್ರಿಯೆಲ್ಲಾ ಅದನ್ನೇ ನೋಡ್ಕೊಂಡು ಕೂತಿದೀನಿ. ನಿದ್ದೆ ಬರ್ದೆ ಗೂಗಲ್ ಮಾಡ್ದೆ. ಈ ಕ್ಯಾಥೆಟರ್‌ಗೆ, ಅಂದ್ರೆ ಮೂತ್ರ ಹೊರಗೆ ತರೋಕೆ ಹಾಕಿರೋ ಪೈಪಿಗೆ, ಬ್ಯಾಕ್ಟೀರಿಯಾ ಪಾಚಿ ಥರ ಅಂಟ್ಕೊಳ್ಳುತ್ತಂತೆ, ಬಯೋಫಿಲ್ಮ್ ಅಂತಾರೆ, ಒಂದ್ಸಲ ಕೂತ್ರೆ ಆಂಟಿಬಯೋಟಿಕ್‌ಗೂ ಸುಲಭಕ್ಕೆ ಜಗ್ಗಲ್ಲ. ಬೆಳ್ಳಿ ಬ್ಯಾಕ್ಟೀರಿಯಾನ ತಡೆಯುತ್ತೆ ಅಂತ ಅದಕ್ಕೇ ಬೆಳ್ಳಿ ಕೋಟಿಂಗ್ ಪೈಪ್ ಮಾಡಿದಾರೆ. ಅಜ್ಜಿ ಮಕ್ಕಳಿಗೆ ಬೆಳ್ಳಿ ಒಳಲೇಲಿ ಹಾಲು ಕುಡಿಸ್ತಿದ್ದಿದ್ದು ನೆನಪಾಗಿ ಖುಷಿಯಾಯ್ತು, ಆದ್ರೆ 2012ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಬ್ರಿಟನ್ನಿನ 24 ಆಸ್ಪತ್ರೆಗಳ ಟ್ರಯಲ್ ನೋಡಿದ್ರೆ ಸ್ವಲ್ಪ ದಿನಕ್ಕೆ ಹಾಕೋ ಪೈಪಲ್ಲಿ ಬೆಳ್ಳಿಯಿಂದ ಅಂಥಾ ಲಾಭ ಏನೂ ಕಾಣ್ಲಿಲ್ಲ. ಬೇಗ ತೆಗೆಸೋದೇ ವಾಸಿ ಅಂತೆ. ಅಷ್ಟರಲ್ಲಿ ಸಿಸ್ಟರ್ ಬಂದು "ಬ್ಯಾಗ್ ನೆಲಕ್ಕೆ ತಾಗ್ತಿದೆ ನೋಡಿ ಸರ್" ಅಂತ ಬೈದ್ರು. ಅಪ್ಪ ಅರೆನಿದ್ದೇಲೇ "ಯಾವಾಗ ಕೀಳ್ತಾರೋ ಇದನ್ನ" ಅಂದ್ರು.